ಕೀಮ್, ಸಿಇಟಿ, ನೀಟ್: ಕಾಸರಗೋಡಿನ ಕನ್ನಡದ ಮಕ್ಕಳ ಜೊತೆ ನಾನು ಕೆಲಸ ಮಾಡುವ ಕ್ರಮ

ಮುಂದಿನ ಓದು ಆರಿಸಲು ಮಕ್ಕಳು ಬಂದು ಕೂತಾಗ ಮೊದಲು ಎಸ್ಸೆಸ್ಸೆಲ್ಸಿ ಪ್ರಮಾಣಪತ್ರವನ್ನೂ ಆಧಾರ್ ಕಾರ್ಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿಸುತ್ತೇನೆ. ಒಂದರಲ್ಲಿ ಹೆಸರಿನ ಕೊನೆಗೆ ಬರೀ ‘ಕೆ’, ಇನ್ನೊಂದರಲ್ಲಿ ಇನಿಶಿಯಲ್ ಬಿಡಿಸಿ ಬರೆದ ಪೂರ್ತಿ ಹೆಸರು. ನಮ್ಮ ಕಡೆ ಇದು ಮಾಮೂಲು. ಪ್ಲಸ್ ವನ್‌ನಲ್ಲೇ (ಹನ್ನೊಂದನೇ ತರಗತಿ) ಸರಿಮಾಡಿಸಬೇಕು. ಅರ್ಜಿ ಹಾಕುವ ವಾರ ಅಕ್ಷಯ ಕೇಂದ್ರಕ್ಕೆ (ಕೇರಳ ಸರ್ಕಾರದ ಆನ್‌ಲೈನ್ ಸೇವಾ ಕೇಂದ್ರ) ಓಡಿದರೆ ಆಗುವ ಕೆಲಸವಲ್ಲ.

ವಿಜ್ಞಾನ ತೆಗೆದುಕೊಳ್ಳುವವರಿಗೆ, ಗಣಿತ ತೀರಾ ಕಷ್ಟವಲ್ಲದಿದ್ದರೆ, ಜೀವಶಾಸ್ತ್ರ–ಗಣಿತ ಎರಡೂ ಇರುವ 01ನೇ ಗುಂಪನ್ನೇ ಹೇಳುತ್ತೇನೆ. ಎಂಜಿನಿಯರಿಂಗ್‌ಗೆ ಕೇರಳದ ಪ್ರವೇಶ ಪರೀಕ್ಷೆ ಕೀಮ್, ಕರ್ನಾಟಕದ ಸಿಇಟಿ ಎರಡಕ್ಕೂ ಅರ್ಜಿ ಹಾಕಿಸುತ್ತೇನೆ. ಎರಡೂ ಕಡೆ ಪ್ಲಸ್ ಟು ಅಂಕಕ್ಕೆ ಅರ್ಧ ತೂಕ, ಹಾಗಾಗಿ ಬೋರ್ಡ್ ಪರೀಕ್ಷೆಯನ್ನು ಹಗುರ ಮಾಡುವಂತಿಲ್ಲ. ಉತ್ತರಿಸುವ ರೀತಿ ಮಾತ್ರ ಬೇರೆ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಡಿತವಿಲ್ಲ. ಒಂದನ್ನೂ ಖಾಲಿ ಬಿಡಬಾರದು. ಕೀಮ್‌ನಲ್ಲಿ ಸರಿಗೆ 4, ತಪ್ಪಿಗೆ 1 ಕಡಿತ, ಆಯ್ಕೆ ಐದು. ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ ಸೊನ್ನೆ. ಒಂದು ಆಯ್ಕೆಯನ್ನಾದರೂ ಖಚಿತವಾಗಿ ತಳ್ಳಿಹಾಕಲು ಬಂದರೆ ಊಹಿಸುವುದು ಲಾಭ.

ಸಿಇಟಿಯಲ್ಲಿ ನಮ್ಮವರು ಎಡವುವುದು ‘ಗಡಿನಾಡು ಕನ್ನಡಿಗ’ ಎಂಬ ಕಲಮಿನಲ್ಲಿ. ಮನೆಮಾತು ಕನ್ನಡ ಅಥವಾ ತುಳು ಆಗಿದ್ದು ಕಾಸರಗೋಡು, ಹೊಸದುರ್ಗ, ಮಂಜೇಶ್ವರದ ಕಡೆಯವರಾದರೆ ಕರ್ನಾಟಕದ ಸೀಟುಗಳಿಗೆ ಈ ಅರ್ಹತೆ ಕೇಳಬಹುದು. ದೃಢೀಕರಣ ಪತ್ರ ಮಾತ್ರ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯಲ್ಲಿರುವ ನಮೂನೆಯಲ್ಲೇ ಇರಬೇಕು. ನಮ್ಮ ಕಚೇರಿಗಳಲ್ಲಿ ಸಾಮಾನ್ಯವಾಗಿ ಕೊಡುವುದು ಕೇರಳದ ನಮೂನೆ. ಆದ್ದರಿಂದ ಕೈಪಿಡಿಯ ಆ ಪುಟವನ್ನೇ ಮುದ್ರಿಸಿ ಮಕ್ಕಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಜೊತೆಗೆ 50 ಅಂಕದ ಕನ್ನಡ ಪರೀಕ್ಷೆ ಇದೆ, 12 ಬಂದರೆ ಸಾಕು. ಅದು ರ‍್ಯಾಂಕಿಗೆ ಸೇರದು ಎಂದು ಕೇಳಿ ಹೋಗದೇ ಉಳಿಯುವವರಿದ್ದಾರೆ. ಹೋಗದಿದ್ದರೆ ಆ ಅರ್ಹತೆಯೇ ಕೈತಪ್ಪುತ್ತದೆ. ಇಂಗ್ಲಿಷ್, ಮಲಯಾಳ ಮಾಧ್ಯಮದಲ್ಲಿ ಓದಿದವರಿಗೆ ಎರಡು ವಾರ ಒತ್ತಕ್ಷರ ಬರೆಸುತ್ತೇನೆ. ಫಲಿತಾಂಶ ಬಂದ ಕೂಡಲೇ ಪ್ಲಸ್ ಟು ಅಂಕಗಳನ್ನು ನಾವೇ ಪ್ರಾಧಿಕಾರದ ಜಾಲತಾಣದಲ್ಲಿ ತುಂಬಬೇಕು. ತುಂಬದಿದ್ದರೆ ಎಂಜಿನಿಯರಿಂಗ್ ರ‍್ಯಾಂಕ್ ಬರುವುದಿಲ್ಲ.

ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್ ಕನ್ನಡದಲ್ಲೂ ಇದೆ, ಆದರೆ ಕನ್ನಡದ ಪ್ರಶ್ನೆಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ. ಬೇಕಿದ್ದರೆ ಅರ್ಜಿಯಲ್ಲೇ ಮಂಗಳೂರು ಆರಿಸಬೇಕು. ಅದಕ್ಕೂ ಮೊದಲು ಹಳೆಯ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸಿಸಿ ನೋಡುತ್ತೇನೆ. ಹತ್ತರವರೆಗೆ ‘ದ್ಯುತಿಸಂಶ್ಲೇಷಣೆ’ ಎಂದು ಓದಿದ ಮಗು ಎರಡು ವರ್ಷ ‘ಫೋಟೋಸಿಂಥೆಸಿಸ್’ ಎಂದೇ ಬರೆದಿರುತ್ತದೆ. ಪ್ಲಸ್ ಟುವಿನ ಹೊಸ ಪದಗಳಂತೂ ಅದಕ್ಕೆ ಕನ್ನಡದಲ್ಲಿ ಗೊತ್ತೇ ಇರುವುದಿಲ್ಲ. ಹೀಗೆ ನೋಡಿದ ಮೇಲೆ ಹೆಚ್ಚಿನವರಿಗೆ ಇಂಗ್ಲಿಷನ್ನೇ ಹೇಳಬೇಕಾಗಿ ಬಂದಿದೆ, ಬೇಸರವಾದರೂ ನಿಜ.

ಶಿಕ್ಷಕರಾಗುವ ಮನಸ್ಸಿದ್ದವರಿಗೆ ಮಾಯಿಪ್ಪಾಡಿಯ ಡಯೆಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಇದೆ. ಕನ್ನಡ ಎಂಎ ಓದಲು ವಿದ್ಯಾನಗರದ ಸರ್ಕಾರಿ ಕಾಲೇಜಿದೆ. ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಈ ಜಿಲ್ಲೆಯಲ್ಲಿ ಕನ್ನಡ ಬಲ್ಲವರಿಗೆಂದೇ ಕೆಲವು ಹುದ್ದೆ ಕರೆಯುತ್ತದೆ. ಅಂಕ ಸುಲಭ ಎಂದು ಪ್ಲಸ್ ವನ್‌ನಲ್ಲಿ ಎರಡನೇ ಭಾಷೆಯಾಗಿ ಕನ್ನಡ ಬಿಟ್ಟು ಹಿಂದಿ ಹಿಡಿಯುವ ಮಕ್ಕಳ ಅಪ್ಪ–ಅಮ್ಮನನ್ನು ಕರೆಸಿ, ಅರ್ಜಿ ಸಲ್ಲಿಸುವ ಮೊದಲೇ ಈ ಹುದ್ದೆಗಳ ಅಧಿಸೂಚನೆ ತೋರಿಸುತ್ತೇನೆ.