ಅಮೆರಿಕಾ ಸಿಟಿಜನ್‌ಶಿಪ್ ಇಂಟರ್‌ವ್ಯೂಗೆ ಕಾಯ್ತಾ ಕೊಡಗಿಗೆ ಬರೋರಿಗೆ

ಎನ್-400 (ಅಮೆರಿಕಾ ಪೌರತ್ವದ ಅರ್ಜಿ) ಹಾಕಿ ಕಾಯ್ತಾ ಇದ್ದೀರಾ, ಪುತ್ತರಿಗೆ ಊರಿಗೆ ಬರೋ ಆಸೆನಾ, ಧಾರಾಳವಾಗಿ ಬನ್ನಿ, ಆದ್ರೆ ಒಂದೇ ಸಲಕ್ಕೆ 6 ತಿಂಗಳು ದಾಟಿಸ್ಬೇಡಿ, ಹೋಗಿ ಬಂದ ತಾರೀಖೆಲ್ಲ ಬರೆದಿಟ್ಕೊಳ್ಳಿ, ಇಂಟರ್‌ವ್ಯೂಲಿ ಕೇಳ್ತಾರೆ. ಅಮೆರಿಕಾ ವಲಸೆ ಇಲಾಖೆಯ (ಯುಎಸ್‌ಸಿಐಎಸ್) ಆನ್‌ಲೈನ್ ಅಕೌಂಟ್ ನೋಡ್ತಾ ಇರಿ, ತೋಟದಲ್ಲಿ ನೆಟ್‌ವರ್ಕ್ ಸಿಗ್ದಿದ್ರೆ ಮಡಿಕೇರಿ ಪೇಟೆಗೆ ಹೋದಾಗಾದ್ರೂ. ಅಮೆರಿಕಾದಲ್ಲಿ ಮನೆ ಬದಲಾಯ್ಸಿದ್ರೆ 10 ದಿನದೊಳಗೆ ಆ ಇಲಾಖೆಗೆ ತಿಳಿಸ್ಬೇಕು.

2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದೋರು ಸಿವಿಕ್ಸ್‌ಗೆ (ಅಮೆರಿಕಾದ ಇತಿಹಾಸ, ಸರ್ಕಾರದ ಬಗ್ಗೆ ಇಂಟರ್‌ವ್ಯೂಲಿ ಕೇಳೋ ಪರೀಕ್ಷೆ) 128 ಪ್ರಶ್ನೆ ಓದ್ಬೇಕು, 20ರ ತನಕ ಕೇಳ್ತಾರೆ, 12 ಸರಿ ಇರ್ಬೇಕು.

ನಮ್ಮೋರು ಮರೆಯೋದು ತೋಟದ ವಿಷ್ಯ. ಅಮೆರಿಕಾ ಪೌರತ್ವದ ಪ್ರಮಾಣ ತಗೊಂಡ್ರೆ ಭಾರತದ ಪೌರತ್ವ ಹೋಗುತ್ತೆ, ಒಸಿಐ (ಬೇರೆ ದೇಶದ ಪೌರರಾದ ಭಾರತ ಮೂಲದೋರಿಗೆ ಕೊಡೋ ಕಾರ್ಡು) ಇದ್ರೂ ಕಾಫಿ ತೋಟ ಕೊಳ್ಳೋ ಹಾಗಿಲ್ಲ, ಅಪ್ಪನಿಂದ ಪಾಲಿಗೆ ಬಂದಿದ್ದು ಇಟ್ಕೋಬಹುದು. ಅದಕ್ಕೇ ಆರ್‌ಟಿಸಿ ಯಾರ ಹೆಸ್ರಲ್ಲಿದೆ ಅಂತ ಈ ಸಲಾನೇ ಹಿರಿಯರ ಜೊತೆ ಕೂತು ನೋಡ್ಕೊಳ್ಳಿ ದಯವಿಟ್ಟು.