ಉಳಿದ ಹಾಳೆಗೆ ಹೊಸ ಹೊಲಿಗೆ: ಶಾಲಾ ಸಾಮಗ್ರಿ ಸಂಗ್ರಹಿಸಿ ಮಕ್ಕಳಿಗೆ ಮುಟ್ಟಿಸುವ ಬಗೆ

ಕಲಘಟಗಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಮುಖ್ಯ ಶಿಕ್ಷಕಿ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ತೆರೆದರು. ಗೋಡೆಗೆ ಒರಗಿಸಿ ಹನ್ನೊಂದು ಗೋಣಿಚೀಲಗಳಿದ್ದವು. ಜಿಪ್ ಕಿತ್ತುಹೋದ ಬ್ಯಾಗು, ಒಣಗಿದ ಸ್ಕೆಚ್ ಪೆನ್ನು, ಬೇರೆ ಪಠ್ಯಕ್ರಮದ ಇಂಗ್ಲಿಷ್ ಪುಸ್ತಕ, ಮುಕ್ಕಾಲು ಬರೆದು ಬಿಟ್ಟ ನೋಟ್‌ಬುಕ್. ಅಡಿಯ ಚೀಲಕ್ಕೆ ಆಗಲೇ ಗೆದ್ದಲು ಹತ್ತಿತ್ತು. "ಪ್ರೀತಿಯಿಂದ ತಂದವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ ಮೇಡಂ" ಎಂದರು. ಒಳ್ಳೆಯ ಮನಸ್ಸಿನ ಯುವಕರು ಎರಡು ತಿಂಗಳು ಮನೆ ಮನೆ ಅಲೆದು ಸಂಗ್ರಹಿಸಿದ ಸಾಮಗ್ರಿ ಅದು. ಅವರು ಎಡವಿದ್ದು ಸಂಗ್ರಹದಲ್ಲಿ ಅಲ್ಲ. ಸಂಗ್ರಹ ಈ ಕೆಲಸದ ಅತ್ಯಂತ ಸುಲಭದ ಭಾಗ. ಸಂಗ್ರಹಕ್ಕೂ ವಿತರಣೆಗೂ ನಡುವೆ ಒಂದು ಮೇಜು ಇರಬೇಕು, ಆ ಮೇಜಿನ ಸುತ್ತ ತಾಳ್ಮೆಯಿಂದ ಕೂರುವ ಆರು ಜನ ಇರಬೇಕು. ಈ ಲೇಖನದ ಬಹುಪಾಲು ಆ ಮೇಜಿನ ಕುರಿತೇ ಇದೆ.

ಮೊದಲು ಶಾಲೆಗೆ ಹೋಗಿ

ಫೆಬ್ರುವರಿಯಲ್ಲಿಯೇ ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರನ್ನೂ ಭೇಟಿಯಾಗಿ, ಏನು ಬೇಕು ಎಂದು ಕೇಳಿ, ತರಗತಿವಾರು ಮಕ್ಕಳ ಸಂಖ್ಯೆ ಬರೆದುಕೊಳ್ಳಿ. ಸರ್ಕಾರಿ ಶಾಲೆಯಲ್ಲಿ ಒಂದರಿಂದ 10ನೇ ತರಗತಿಯವರೆಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ ಮತ್ತು ಸಾಕ್ಸ್ ಸರ್ಕಾರದ ಯೋಜನೆಗಳಿಂದಲೇ ಉಚಿತವಾಗಿ ಬರುತ್ತವೆ. ಆದ್ದರಿಂದ ಇವುಗಳ ಸಂಗ್ರಹಕ್ಕೆ ಕೈ ಹಾಕಬೇಡಿ. ಹೊಂದಿಸಲು ಮನೆಯವರು ಪರದಾಡುವುದು ನೋಟ್‌ಬುಕ್, ಪೆನ್ನು, ಕಂಪಾಸ್ ಪೆಟ್ಟಿಗೆ ಮತ್ತು ಬ್ಯಾಗಿಗೆ. ಪಿಯುಸಿ ಪಠ್ಯಪುಸ್ತಕಗಳು ಮಾತ್ರ ಬೇಕಾಗುತ್ತವೆ, ಅದೂ ಈಗಿನ ಪಠ್ಯಕ್ರಮದ್ದಾಗಿದ್ದರೆ. ಅವುಗಳನ್ನು ನೇರವಾಗಿ ಕಾಲೇಜಿನ ಗ್ರಂಥಾಲಯಕ್ಕೆ ಒಪ್ಪಿಸಿ.

ಲೆಕ್ಕ ಹೀಗೆ. ಚಿಕ್ಕ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇರುವುದರಿಂದ ಆ ಮಕ್ಕಳಿಗೆ ನೋಟ್‌ಬುಕ್ಕಿಗಿಂತ ಸ್ಲೇಟು, ಬಳಪ, ಕ್ರೇಯಾನ್, ಗೆರೆಯಿಲ್ಲದ ಹಾಳೆ ಹೆಚ್ಚು ಉಪಯೋಗ. ನಾಲ್ಕು ಮತ್ತು ಐದಕ್ಕೆ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂದು ಕನಿಷ್ಠ ನಾಲ್ಕು ನೋಟ್‌ಬುಕ್ ಬೇಕು. ಆರರಿಂದ ಹಿಂದಿ ಸೇರುತ್ತದೆ, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಬೇರೆಯಾಗುತ್ತವೆ. ಅಲ್ಲಿಗೆ ಆರಾಯಿತು. 30 ಮಕ್ಕಳ ಏಳನೇ ತರಗತಿಗೆ 180 ನೋಟ್‌ಬುಕ್. ಈ ಸಂಖ್ಯೆ ಕೈಯಲ್ಲಿದ್ದರೆ ಎಷ್ಟು ಸಂಗ್ರಹಿಸಬೇಕು, ಎಲ್ಲಿ ನಿಲ್ಲಿಸಬೇಕು ಎರಡೂ ತಿಳಿಯುತ್ತವೆ. ಮೊದಲ ವರ್ಷ ಒಂದೇ ಶಾಲೆ ಸಾಕು.

ಸಂಗ್ರಹ

ಮಾರ್ಚ್ ಕೊನೆಗೆ ಪಿಯುಸಿ ಮಕ್ಕಳ ಮನೆಗಳಿಂದ, ಏಪ್ರಿಲ್ ಎರಡನೇ ವಾರ ಬೇಸಿಗೆ ರಜೆ ಆರಂಭವಾದ ಮೇಲೆ ಉಳಿದ ಮನೆಗಳಿಂದ ತೆಗೆದುಕೊಳ್ಳಿ. ಧಾರವಾಡದವರಿಗೆ ಇನ್ನೊಂದು ಮೂಲವಿದೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ಸಪ್ತಾಪುರದ ಸುತ್ತಮುತ್ತ ಕೋಣೆ ಹಿಡಿದಿರುವವರು ಊರು ಬಿಡುವಾಗ ಅರ್ಧ ಬರೆದ ಉದ್ದನೆಯ ನೋಟ್‌ಬುಕ್ಕುಗಳನ್ನು ರಾಶಿ ರಾಶಿಯಾಗಿ ಬಿಟ್ಟು ಹೋಗುತ್ತಾರೆ.

ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಸಂಗ್ರಹ ಪೆಟ್ಟಿಗೆ ಇಟ್ಟು ಬರಬೇಡಿ. ಎರಡೇ ದಿನದಲ್ಲಿ ಅದು ಕಸದ ತೊಟ್ಟಿಯಾಗುತ್ತದೆ. ಎರಡು ಭಾನುವಾರ ನಿಗದಿ ಮಾಡಿ, ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ನೀವೇ ನಿಂತು, ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಳ್ಳಿ. ಬೇಡದ್ದನ್ನು ಅಲ್ಲಿಯೇ ನಯವಾಗಿ ಮರಳಿಸಿ. ಈ ಸಂಕೋಚವನ್ನು ನೀವು ಇಲ್ಲಿ ದಾಟದಿದ್ದರೆ ಆ ಹೊರೆ ಮುಖ್ಯ ಶಿಕ್ಷಕರ ತಲೆಗೆ ಹೋಗುತ್ತದೆ.

ಮೇಜಿನ ಮೇಲೆ: ವಿಂಗಡಣೆ

ನಿಮ್ಮ ಮಗುವಿಗೆ ಶಾಲೆಯ ಮೊದಲ ದಿನ ಈ ವಸ್ತುವನ್ನು ಕೊಡುತ್ತೀರಾ? ಪ್ರತಿ ವಸ್ತುವಿಗೂ ನಮ್ಮ ಮೇಜಿನಲ್ಲಿ ಇದೊಂದೇ ಪ್ರಶ್ನೆ. ಉತ್ತರಕ್ಕೆ ತಡವರಿಸಿದರೆ ಆ ವಸ್ತು ಪಕ್ಕಕ್ಕೆ.

ಪೆನ್ನಿನಲ್ಲಿ ಮೂರು ಸುತ್ತು ಗೀಚಿ. ಮೂರನೆಯ ಸುತ್ತು ತುಂಡಾಗದೆ ಬಂದರೆ ಇಟ್ಟುಕೊಳ್ಳಿ, ಇಲ್ಲವಾದರೆ ರಿಫಿಲ್ ಬದಲಿಸಿ. ನಾಲ್ಕು ಬೆರಳಿಗಿಂತ ಗಿಡ್ಡದಾದ ಪೆನ್ಸಿಲ್ ಬೇಡ. ಕಂಪಾಸ್ ಪೆಟ್ಟಿಗೆಯಲ್ಲಿ ಮೋಸ ಹೋಗುವುದು ಹೆಚ್ಚು. ಹೊರಗೆ ತಗಡು ಹೊಳೆಯುತ್ತಿರುತ್ತದೆ, ಒಳಗೆ ಕೋನಮಾಪಕದ ಅಂಕಿಗಳು ಅಳಿಸಿಹೋಗಿರುತ್ತವೆ. ಅಂಕಿ ಕಾಣದ ಕೋನಮಾಪಕ ಕೊಟ್ಟರೆ ಮಗುವಿನ ಲೆಕ್ಕ ತಪ್ಪುತ್ತದೆ, ಬೈಗುಳವೂ ಮಗುವಿಗೇ. ಸೊನ್ನೆಯ ತುದಿ ಮುರಿದ ಅಳತೆಪಟ್ಟಿಯೂ ಹಾಗೆಯೇ. ಕೈವಾರದಿಂದ ಒಂದು ಪೂರ್ಣ ವೃತ್ತ ಎಳೆದು ನೋಡಿ. ಆರಂಭವೂ ಅಂತ್ಯವೂ ಕೂಡದಿದ್ದರೆ ತಿರುಪು ಸಡಿಲವಾಗಿದೆ ಎಂದರ್ಥ, ಬಿಗಿ ಮಾಡಿ. ಐದು ಪೆಟ್ಟಿಗೆ ಬಿಚ್ಚಿದರೆ ಮೂರು ಪೂರ್ತಿ ಪೆಟ್ಟಿಗೆ ಹೊಂದುತ್ತವೆ.

ಬ್ಯಾಗಿನ ಜಿಪ್ ಕೂಡುತ್ತಿಲ್ಲ ಎಂದು ಎಸೆಯಬೇಡಿ. ಬಹಳ ಸಲ ಕೆಟ್ಟಿರುವುದು ರನ್ನರ್ ಮಾತ್ರ, ಬ್ಯಾಗ್ ಹೊಲಿಯುವವರು ಕೆಲವೇ ರೂಪಾಯಿಗೆ ಹೊಸದು ಹಾಕಿಕೊಡುತ್ತಾರೆ. ಒಳಭಾಗ ಹೊರಗೆ ಮಾಡಿ ಒಗೆದು, ಮೇ ತಿಂಗಳಲ್ಲೇ ಎರಡು ದಿನ ಒಣಗಿಸಿ. ನಮ್ಮ ಕಡೆ ಜೂನ್ ಮಳೆ ಹಿಡಿದ ಮೇಲೆ ಬ್ಯಾಗು ಒಣಗುವುದಿಲ್ಲ, ಮುಗ್ಗಲು ವಾಸನೆ ಹೋಗುವುದಿಲ್ಲ. ದೊಡ್ಡ ಬ್ಯಾಗನ್ನು ಚಿಕ್ಕವರಿಗೆ ಕೊಡಬೇಡಿ. ಒಂದು, ಎರಡನೇ ತರಗತಿಯ ಮಗುವಿನ ಬ್ಯಾಗು ಎರಡು ಕಿಲೋ ಮೀರಬಾರದು ಎಂದು ಶಿಕ್ಷಣ ಇಲಾಖೆ 2019ರಲ್ಲಿ ಸುತ್ತೋಲೆ ಹೊರಡಿಸಿತ್ತು.

ನೋಟ್‌ಬುಕ್: ಎಲ್ಲರೂ ಎಡವುವ ಜಾಗ

ಬರೆದ ಹಾಳೆಗಳನ್ನು ಹರಿದು, ಉಳಿದದ್ದನ್ನು ಹಾಗೆಯೇ ಕೊಡುವುದು ಸಾಮಾನ್ಯ ತಪ್ಪು. ನಡುವೆ ಪಿನ್ ಹೊಡೆದ ನೋಟ್‌ಬುಕ್ಕಿನಲ್ಲಿ ಮುಂದಿನ ಹಾಳೆಯೂ ಹಿಂದಿನ ಹಾಳೆಯೂ ಒಂದೇ ಮಡಿಕೆಯ ಎರಡು ಭಾಗ. ಮೊದಲ ಹಾಳೆಯನ್ನು ಹರಿದರೆ ಕೊನೆಯ ಹಾಳೆಗೆ ಹಿಡಿತವೇ ಇರುವುದಿಲ್ಲ. ಶಾಲೆ ಆರಂಭವಾದ ತಿಂಗಳಿಗೇ ಹಾಳೆಗಳು ಒಂದೊಂದಾಗಿ ಕಳಚಿ ಬೀಳುತ್ತವೆ, ಮಗು ಬರೆದ ಪಾಠವೂ ಅದರ ಜೊತೆಗೆ ಹೋಗುತ್ತದೆ.

ಆದ್ದರಿಂದ ಪೂರ್ತಿ ಬಿಚ್ಚಿ. 192 ಪುಟದ ನೋಟ್‌ಬುಕ್ ಎಂದರೆ 96 ಹಾಳೆ, ಅಂದರೆ 48 ಮಡಿಕೆ. ಮಗು ಮೊದಲ 60 ಪುಟ ಬರೆದಿದೆ ಎಂದುಕೊಳ್ಳಿ. 30 ಹಾಳೆ ಹೋಯಿತು. ಅವುಗಳ ಜೋಡಿಯಾದ ಕೊನೆಯ 30 ಹಾಳೆ ಖಾಲಿ ಇದ್ದರೂ ಒಂಟಿ. ನಡುವಿನ 18 ಮಡಿಕೆ ಮಾತ್ರ ಎರಡೂ ಕಡೆ ಖಾಲಿ. ಅರ್ಧಕ್ಕಿಂತ ಹೆಚ್ಚು ಬರೆದ ಪುಸ್ತಕದಲ್ಲಿ ಖಾಲಿ ಮಡಿಕೆ ಒಂದೂ ಸಿಗುವುದಿಲ್ಲ, ಎಲ್ಲವೂ ಒಂಟಿ ಹಾಳೆ. ಮಡಿಕೆಗೆ ಒಂದು ಹೊಲಿಗೆ, ಒಂಟಿ ಹಾಳೆಗೆ ಇನ್ನೊಂದು. ಇವೆರಡನ್ನು ಬೆರೆಸಬೇಡಿ.

ಪಿನ್ ತೆಗೆಯಲು ಚಪ್ಪಟೆ ತಿರುಪುಳಿ ಬಳಸಿ, ಉಗುರು ಬೇಡ. ತೆಗೆದ ಪಿನ್ನುಗಳನ್ನು ಡಬ್ಬಿಯಲ್ಲಿ ಎಣಿಸಿ ಹಾಕಿ. ಮುಂದೆ ಅಂಚು ಕತ್ತರಿಸಲು ಮುದ್ರಣಾಲಯಕ್ಕೆ ಹೋಗುತ್ತೀರಿ. ಒಂದು ಪಿನ್ ಉಳಿದಿದ್ದರೂ ಅವರ ಯಂತ್ರದ ಅಲಗು ಹಾಳಾಗುತ್ತದೆ, ಮುಂದಿನ ವರ್ಷ ಅವರು ನಿಮ್ಮನ್ನು ಒಳಗೆ ಬಿಡುವುದಿಲ್ಲ.

ನಂತರ ಗೆರೆ ನೋಡಿ ಬೇರ್ಪಡಿಸಿ: ಒಂಟಿ ಗೆರೆ, ಎರಡು ಗೆರೆ, ನಾಲ್ಕು ಗೆರೆ, ಚೌಕುಳಿ, ಗೆರೆಯಿಲ್ಲದ್ದು. ನಾಲ್ಕು ಗೆರೆಯ ನಡುವೆ ಒಂದು ಚೌಕುಳಿ ಹಾಳೆ ಬಂದರೆ ಅದು ಬೇರೆಯವರ ಪುಸ್ತಕದ ಹಾಳೆ ಎಂಬುದು ಮಗುವಿಗೆ ಆ ಕ್ಷಣವೇ ತಿಳಿಯುತ್ತದೆ. ಮೇಲೆ ದಿನಾಂಕದ ಜಾಗವಿರುವ ಹಾಳೆ ತಲೆಕೆಳಗಾಗದಂತೆ, ಮಾರ್ಜಿನ್ ಒಂದೇ ಬದಿಗೆ ಬರುವಂತೆ ಜೋಡಿಸಿ. ಪ್ರತಿ ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡುವ ಕೆಲಸವನ್ನು ಒಬ್ಬರಿಗೇ ವಹಿಸಿ. ಹಿಂದಿನ ಪುಟದ ಬರಹದ ಒತ್ತು ಆಳವಾಗಿ ಮೂಡಿದ್ದರೆ ಆ ಹಾಳೆ ಚಿಕ್ಕವರ ಚಿತ್ರಕ್ಕೆ.

ಮಡಿಕೆಗಳ ಹೊಲಿಗೆ: ಎರಡು ಮೂರು ಪುಸ್ತಕಗಳಿಂದ 24 ಮಡಿಕೆ ಕೂಡಿಸಿದರೆ 96 ಪುಟದ ಪುಸ್ತಕವಾಗುತ್ತದೆ. ಅದಕ್ಕಿಂತ ದಪ್ಪ ಬೇಡ. ರಟ್ಟಿನ ಹೊದಿಕೆಯೊಂದಿಗೆ ಬಿಚ್ಚಿಟ್ಟು ಮಡಿಕೆಯ ಗೆರೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ, ನಟ್ಟನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ಕೈವಾರದ ಮೊನೆಯಿಂದ ತೂತು ಮಾಡುವ ಅಡ್ಡದಾರಿ ಹಿಡಿಯಬೇಡಿ, ಅದು ಓರೆಯಾಗಿ ಇಳಿದು ಒಳಹಾಳೆ ಹರಿಯುತ್ತದೆ. ದಾರಕ್ಕೆ ಮೇಣದಬತ್ತಿ ಉಜ್ಜಿ. ಒಳಗಿನಿಂದ ನಡುತೂತಿನ ಮೂಲಕ ಸೂಜಿ ಹೊರಗೆ ತನ್ನಿ, ತುದಿಯಲ್ಲಿ ಒಂದು ಗೇಣು ದಾರ ಒಳಗೇ ಬಿಡಿ. ಹೊರಗಿನಿಂದ ಮೇಲಿನ ತೂತಿಗೆ ಇಳಿಸಿ. ಒಳಗೆ ನಡುತೂತನ್ನು ದಾಟಿಸಿ ಕೆಳಗಿನ ತೂತಿಗೆ ಹೋಗಿ ಹೊರಬನ್ನಿ. ಮತ್ತೆ ನಡುತೂತಿನಿಂದ ಒಳಗೆ ಬನ್ನಿ. ಈಗ ದಾರದ ಎರಡು ತುದಿಗಳು ಉದ್ದ ದಾರದ ಆಚೆ ಒಂದು, ಈಚೆ ಒಂದು ಇರುತ್ತವೆ. ಎಳೆದು, ಉದ್ದ ದಾರವನ್ನು ಒಳಗೆ ಸೇರಿಸಿಕೊಂಡು ಬಿಗಿಯಾಗಿ ಗಂಟು ಹಾಕಿ. ನಾಲ್ಕನೆಯ ಪುಸ್ತಕಕ್ಕೆ ಕೈಗೆ ಅಭ್ಯಾಸವಾಗುತ್ತದೆ.

ಒಂಟಿ ಹಾಳೆಗಳಿಗೆ: 50 ಹಾಳೆ ಮೀರದಂತೆ ಕಂತೆ ಮಾಡಿ, ಬೆನ್ನಿನ ಅಂಚನ್ನು ಮೇಜಿನ ಮೇಲೆ ತಟ್ಟಿ ಸಮ ಮಾಡಿ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸಮ ದೂರದಲ್ಲಿ ನಾಲ್ಕು ತೂತು. ಮೇಲಿನಿಂದ ಕೆಳಗೆ ಹೆಣೆಯುತ್ತ ಹೋಗಿ, ಅದೇ ತೂತುಗಳಲ್ಲಿ ಮರಳಿ ಬನ್ನಿ. ಬಿಟ್ಟ ಜಾಗವೆಲ್ಲ ಎರಡೂ ಬದಿ ತುಂಬುತ್ತದೆ. ಆಮೇಲೆ ಹೊಲಿಗೆಯ ಪಕ್ಕಕ್ಕೆ ಅಳತೆಪಟ್ಟಿ ಇಟ್ಟು ಹೊದಿಕೆಯನ್ನೂ ಹಾಳೆಗಳನ್ನೂ ಒತ್ತಿ ಮಡಿಸಿ. ಈ ಮಡಿಕೆ ಮರೆತರೆ ಪುಸ್ತಕ ತೆರೆದು ನಿಲ್ಲುವುದಿಲ್ಲ, ಮಗು ಒಂದು ಕೈಯಲ್ಲಿ ಒತ್ತಿ ಹಿಡಿದೇ ಬರೆಯಬೇಕಾಗುತ್ತದೆ. 40, 50 ಪುಸ್ತಕಗಳಿದ್ದರೆ ತೂತು ಹೊಡೆಯುವುದನ್ನು ಮುದ್ರಣಾಲಯಕ್ಕೇ ಬಿಡಿ. ಈ ಅಡ್ಡದಾರಿ ಮಾತ್ರ ನನಗೆ ಪೂರ್ಣ ಒಪ್ಪಿಗೆ.

ನೈಲಾನ್ ದಾರ ಬೇಡ, ಕಾಗದವನ್ನು ಕೊಯ್ಯುತ್ತದೆ. ಹತ್ತಿಯ ದಪ್ಪ ದಾರವೇ ಆಗಬೇಕು. ಸೆಲ್ಲೋಟೇಪ್ ಅನ್ನು ಮೇಜಿನ ಹತ್ತಿರವೂ ತರಬೇಡಿ; ಸ್ವಲ್ಪ ಕಾಲದಲ್ಲಿ ಹಳದಿಯಾಗಿ, ಅಂಟು ಒಸರಿ, ಪುಟಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಕೇವಲ ಅಂಟಿನಿಂದ ಬೈಂಡ್ ಮಾಡಿದ ಪುಸ್ತಕವನ್ನೂ ನಾನು ಒಪ್ಪುವುದಿಲ್ಲ, ಮಳೆಗಾಲದ ತೇವಕ್ಕೆ ಬೆನ್ನು ಬಿಡುತ್ತದೆ. ಹೊಲಿದ ಬೆನ್ನಿಗೆ ಬಟ್ಟೆಪಟ್ಟಿ ಅಂಟಿಸಲು ಬಿಳಿ ಅಂಟು ಸಾಕು. ಮೈದಾ ಅಂಟು ಅಗ್ಗ, ಆದರೆ ಜಿರಲೆ ಬರುತ್ತದೆ. ಹುಳು ಬಾರದಿರಲಿ ಎಂದು ಹಳೆಯ ಬೈಂಡರುಗಳು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಮಕ್ಕಳು ಬೆರಳು ಬಾಯಿಗಿಟ್ಟು ಪುಟ ತಿರುವುತ್ತಾರೆ, ಆದ್ದರಿಂದ ಬೇಡವೇ ಬೇಡ.

ಕೊನೆಗೆ ಎಲ್ಲ ಪುಸ್ತಕಗಳಿಗೂ ಒಂದೇ ಬಗೆಯ ಖಾಕಿ ಕಾಗದದ ಹೊದಿಕೆ ಮತ್ತು ಖಾಲಿ ಚೀಟಿ. ದಾನಿಯ ಹೆಸರು, ಸಂಘದ ಹೆಸರು, ಲಾಂಛನ ಯಾವುದೂ ಬೇಡ. ಚೀಟಿಯಲ್ಲಿ ಬರಬೇಕಾದ್ದು ಮಗುವಿನ ಹೆಸರು.

ಬರೆದ ಹಾಳೆಗಳನ್ನು ರದ್ದಿಗೆ ಹಾಕುವ ಮೊದಲು ಹೆಸರು, ವಿಳಾಸ, ಮೊಬೈಲ್ ಸಂಖ್ಯೆ ಇರುವ ಪುಟಗಳನ್ನು ಹರಿದು ಚೂರು ಮಾಡಿ. ರದ್ದಿಯ ಹಣದಲ್ಲಿ ದಾರ, ರಿಫಿಲ್, ರಬ್ಬರ್ ಬರುತ್ತವೆ.

ಹಣ ಮತ್ತು ನೋಂದಣಿ

ಹತ್ತು ಸ್ನೇಹಿತರು ವಸ್ತುಗಳನ್ನು ಮಾತ್ರ ಕೂಡಿಸುತ್ತಿದ್ದರೆ ಒಂದು ಲೆಕ್ಕದ ಪುಸ್ತಕ ಸಾಕು. ಹೊರಗಿನವರಿಂದ ಹಣ ಪಡೆಯುವಿರಾದರೆ ನೋಂದಣಿ ಮಾಡಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಬ್ಯಾಗು ಕೊಟ್ಟಿದ್ದಕ್ಕೆ, ದಾನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ರಸೀದಿ ಕೇಳುವವರಿದ್ದಾರೆ. ವಸ್ತುರೂಪದ ದಾನಕ್ಕೆ ಆ ತೆರಿಗೆ ವಿನಾಯಿತಿ ಇಲ್ಲ ಎಂದು ಮೊದಲೇ ಹೇಳಿಬಿಡಿ.

ಕೊಡುವ ದಿನ

ಆಗಸ್ಟ್ 15ರವರೆಗೆ ಕಾಯಬೇಡಿ. ಧ್ವಜಾರೋಹಣ, ಶಾಲು, ಭಾಷಣದ ನಡುವೆ ಹಂಚಿದರೆ ಕಾರ್ಯಕ್ರಮ ಚೆಂದ ಕಾಣುತ್ತದೆ, ಆದರೆ ಮಗು ಎರಡೂವರೆ ತಿಂಗಳು ಪುಸ್ತಕವಿಲ್ಲದೆ ಕೂತಿರುತ್ತದೆ. ಜೂನ್ ಮೊದಲ ವಾರದೊಳಗೆ ಮುಟ್ಟಿಸಿ. ತರಗತಿಯ ಎಲ್ಲ ಮಕ್ಕಳಿಗೂ ಆಗುವಷ್ಟಿಲ್ಲವೇ? ಹಾಗಿದ್ದರೆ ಆ ತರಗತಿಗೆ ಈ ವರ್ಷ ಬೇಡ, ಪೂರ್ತಿ ಆಗುವ ತರಗತಿಯನ್ನು ಆರಿಸಿ. "ಬಡವರು ಕೈ ಎತ್ತಿ" ಎಂದು ಕೇಳಿದ್ದನ್ನು ನಾನು ಒಂದು ಕಡೆ ಕಣ್ಣಾರೆ ನೋಡಿದ್ದೇನೆ. ಕೈ ಎತ್ತದೆ ತಲೆ ತಗ್ಗಿಸಿದ ಒಬ್ಬ ಹುಡುಗಿಯ ಮುಖ ಇನ್ನೂ ಕಣ್ಣ ಮುಂದಿದೆ. ಕಟ್ಟುಗಳನ್ನು ತರಗತಿ ಶಿಕ್ಷಕರ ಮೇಜಿನ ಮೇಲಿಟ್ಟು ಹೊರಬನ್ನಿ. ಅವರೇ ಹಾಜರಿ ಕರೆಯುತ್ತ ಹಂಚಲಿ. ಮಕ್ಕಳ ಫೋಟೊ ಬೇಡ. ದಾನಿಗಳಿಗೆ ತೋರಿಸಲೇಬೇಕಿದ್ದರೆ ಹೊಲಿದ ಪುಸ್ತಕಗಳ ಸಾಲಿನ ಫೋಟೊ ಕಳಿಸಿ, ನಾವು ಹಾಗೆಯೇ ಮಾಡುತ್ತೇವೆ.

ದಸರಾ ರಜೆ ಮುಗಿದ ಮೇಲೆ ಇನ್ನೊಮ್ಮೆ ಆ ಶಾಲೆಗೆ ಹೋಗಿ. ಅಷ್ಟರಲ್ಲಿ ಗಣಿತದ ಪುಸ್ತಕ ತುಂಬಿರುತ್ತದೆ, ಆದ್ದರಿಂದ ಪ್ರತಿ ಮಗುವಿಗೆ ಒಂದೊಂದು ಪುಸ್ತಕ ಹೆಚ್ಚಿಗೆ ಉಳಿಸಿಕೊಂಡಿರಿ. ದಬ್ಬಣ, ಸೂಜಿ, ಮೇಣ ಹಚ್ಚಿದ ದಾರ ಚೀಲದಲ್ಲಿರಲಿ. ಹೊಲಿಗೆ ಬಿಟ್ಟ ಪುಸ್ತಕಗಳನ್ನು ಅಲ್ಲಿಯೇ ಜಗಲಿಯ ಮೇಲೆ ಕೂತು ಮತ್ತೆ ಹೊಲಿದು ಕೊಡಿ. ಆರು, ಏಳನೇ ತರಗತಿಯವರು ಸುತ್ತ ಕೂತರೆ ಸೂಜಿಯನ್ನು ಅವರ ಕೈಗೂ ಕೊಡಿ.