ದೊಡ್ಡ ಅಕ್ವೇರಿಯಂ ಇಡೋ ಮೊದ್ಲು ಕರೆಂಟು ಹೋಗೋ ರಾತ್ರಿಯ ಲೆಕ್ಕ ಹಾಕಿ

ಆರಡಿ ಎಂಟಡಿ ಅಕ್ವೇರಿಯಂ ಇಡ್ಬೇಕು ಅಂತ ಇರೋರು ನನ್ನ ಹತ್ರ ಮೊದ್ಲು ಕೇಳೋದು ಒಂದೇ ಪ್ರಶ್ನೆ, ಎಷ್ಟು ದೊಡ್ಡ ಪಂಪ್ ಹಾಕ್ಲಿ ಅಂತ. ನಾನು ಹೇಳೋದು, ಪಂಪ್ ಆಮೇಲೆ ನೋಡೋಣ, ಕಕ್ಕಡ ತಿಂಗಳಲ್ಲಿ, ಅಂದ್ರೆ ಜುಲೈ ಆಗಸ್ಟಿನ ಜೋರು ಮಳೆಯಲ್ಲಿ, ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ ಅಂದ್ರೆ ನಿಮ್ಮ ಮೀನು ಉಸಿರಾಡೋದು ಹೇಗೆ, ಅದನ್ನ ಮೊದ್ಲು ಹೇಳಿ ಅಂತ. ಕೊಡಗಲ್ಲಿ ಫಿಲ್ಟರ್ ಪ್ಲಾನ್ ಮಾಡೋದು ಅಂದ್ರೆ ಮಳೆಗಾಲಕ್ಕೆ ಪ್ಲಾನ್ ಮಾಡೋದು.

ಮೊದ್ಲು ಲೀಟರ್ ಲೆಕ್ಕ. 8 ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡೂವರೆ ಅಡಿ ಎತ್ತರ ಅಂದ್ರೆ 50 ಘನ ಅಡಿ, ಒಂದು ಘನ ಅಡಿಗೆ 28.3 ಲೀಟರ್, ಅಲ್ಲಿಗೆ ಸುಮಾರು 1400 ಲೀಟರ್. ನೀರೇ 1.4 ಟನ್, ಗಾಜು ಸ್ಟ್ಯಾಂಡ್ ಕಲ್ಲು ಎಲ್ಲ ಸೇರಿದ್ರೆ ಎರಡು ಟನ್ ಹತ್ರ ಹೋಗುತ್ತೆ, ಹಾಗಾಗಿ ಹಳೇ ಮನೆಯ ಮರದ ಅಟ್ಟದ ಮೇಲೆಲ್ಲ ಇದು ಬೇಡವೇ ಬೇಡ, ಕೆಳಗಿನ ನೆಲದಲ್ಲೇ ಇಡಿ. ಯಾವ ಮೀನು ಅನ್ನೋದನ್ನೂ ಈಗಲೇ ತೀರ್ಮಾನ ಮಾಡ್ಕೊಳ್ಳಿ. ಅರೋವಾನ, ಆಸ್ಕರ್‌ಗೆ 26 ಡಿಗ್ರಿ ಆಸುಪಾಸು ಬೇಕು, ಮಡಿಕೇರಿ ಚಳಿಯಲ್ಲಿ ಇಷ್ಟು ನೀರನ್ನ ಹೀಟರಲ್ಲಿ ಕಾಯಿಸೋದು ಅಂದ್ರೆ ಕರೆಂಟ್ ಬಿಲ್ ಜೋರಾಗಿ ಬರುತ್ತೆ. ಗೋಲ್ಡ್‌ಫಿಶ್ ಚಳಿ ತಡ್ಕೊಳ್ಳುತ್ತೆ, ಆದ್ರೆ ಗಲೀಜು ಜಾಸ್ತಿ ಮಾಡುತ್ತೆ, ಅದಕ್ಕೆ ಫಿಲ್ಟರ್ ಧಾರಾಳವಾಗಿ ಇರ್ಬೇಕು.

ಫಿಲ್ಟರ್ ಅಂದ್ರೆ ಕಸ ಹಿಡಿಯೋ ಜರಡಿ ಅಷ್ಟೇ ಅಲ್ಲ. ಮೀನಿನ ಕಿವಿರಿಂದ ಅಮೋನಿಯಾ ಬರ್ತಾನೇ ಇರುತ್ತೆ, ಅದು ವಿಷ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ, ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ, ಅದನ್ನ ನಾವು ನೀರು ಬದಲಾಯಿಸಿ ತೆಗೀಬಹುದು. ಈ ಬ್ಯಾಕ್ಟೀರಿಯಾಕ್ಕೆ ಅಂಟ್ಕೊಳ್ಳೋಕೆ ಜಾಗ ಬೇಕು, ಉಸಿರಾಡೋಕೆ ಆಕ್ಸಿಜನ್ ಬೇಕು. ಮುಚ್ಚಿದ ಡಬ್ಬಿ ಹಾಗಿರೋ ಕ್ಯಾನಿಸ್ಟರ್ ಫಿಲ್ಟರ್‌ನಲ್ಲಿ ಕರೆಂಟು ಹೋದ್ರೆ ಒಳಗಿನ ಆಕ್ಸಿಜನ್ ಕೆಲವೇ ಗಂಟೆಯಲ್ಲಿ ಮುಗಿದು ಬ್ಯಾಕ್ಟೀರಿಯಾ ಸಾಯೋಕೆ ಶುರು, ಕರೆಂಟು ಬಂದ ತಕ್ಷಣ ಆ ಕೊಳೆತ ನೀರೆಲ್ಲ ಸೀದಾ ಟ್ಯಾಂಕಿಗೆ. ಅದಕ್ಕೇ ನಮ್ಮೂರಿಗೆ ತೆರೆದ ಸಂಪ್ ಒಳ್ಳೇದು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಸಂಪ್ ಅಂದ್ರೆ ಮನೆ ಮುಂದೆ ನೆಲದೊಳಗೆ ಇರೋದಲ್ಲ, ಸ್ಟ್ಯಾಂಡ್ ಕೆಳಗೆ ಇಡೋ ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ಟ್ಯಾಂಕಲ್ಲಿ ಓವರ್‌ಫ್ಲೋ ಅಂಚು ದಾಟಿದ ನೀರು ಪೈಪಲ್ಲಿ ಇದಕ್ಕೆ ಇಳಿಯುತ್ತೆ, ಫಿಲ್ಟರ್ ಆದ ಮೇಲೆ ಪಂಪ್ ಅದನ್ನ ವಾಪಸ್ ಮೇಲೆ ತಳ್ಳುತ್ತೆ.

ಸಂಪ್ 4 ಅಡಿ, ಒಂದೂವರೆ, ಒಂದೂವರೆ ಇದ್ರೆ 255 ಲೀಟರ್ ಹಿಡಿಯುತ್ತೆ. ಅದನ್ನ ತುಂಬಿಸ್ಬೇಡಿ. ಕರೆಂಟು ಹೋದಾಗ ಮೇಲಿನ ಟ್ಯಾಂಕಿನ ಓವರ್‌ಫ್ಲೋ ಅಂಚಿಗಿಂತ ಮೇಲೆ ನಿಂತಿರೋ ನೀರೆಲ್ಲ ಕೆಳಗೆ ಇಳಿಯುತ್ತೆ, ಈ ಅಳತೆ ಟ್ಯಾಂಕಲ್ಲಿ ಒಂದಿಂಚು ನೀರು ಅಂದ್ರೆ 47 ಲೀಟರ್, ಎರಡಿಂಚು ಅಂದ್ರೆ 94, ಪೈಪಲ್ಲಿರೋದು ಬೇರೆ. ಪಂಪ್ ಓಡ್ತಿರುವಾಗಲೂ ಸಂಪಲ್ಲಿ ನೂರಿಪ್ಪತ್ತು ಲೀಟರ್ ಜಾಗ ಖಾಲಿ ಉಳೀಬೇಕು, ಇಲ್ಲಾಂದ್ರೆ ರಾತ್ರಿ ಎರಡು ಗಂಟೆಗೆ ಹಾಲ್ ತುಂಬ ನೀರು. ನೀರು ವಾಪಸ್ ಏರೋ ಪೈಪಿನ ಬಾಯಿ ಹತ್ರ, ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ, ಒಂದು ಸಣ್ಣ ತೂತು ಕೊರೀರಿ. ಮಟ್ಟ ಇಳಿದಾಗ ಆ ತೂತು ಗಾಳಿ ಎಳೆದು ಸೈಫನ್, ಅಂದ್ರೆ ನೀರು ಅದೇ ಪೈಪಲ್ಲಿ ತಾನಾಗೇ ಕೆಳಗೆ ಹರಿಯೋದು, ನಿಲ್ಲಿಸುತ್ತೆ. ಅದರಲ್ಲಿ ಪಾಚಿ ಕಟ್ಕೊಳ್ಳುತ್ತೆ, ತಿಂಗಳಿಗೊಮ್ಮೆ ಕಡ್ಡಿ ಹಾಕಿ ಬಿಡಿಸಿ. ಇಳಿಯೋ ಪೈಪು ಒಂದೂವರೆ ಇಂಚಿನದು ಎರಡು ಹಾಕಿ, ಒಂದು ಕಟ್ಕೊಂಡ್ರೆ ಇನ್ನೊಂದು ಇರುತ್ತೆ.

ಈಗ ಪಂಪ್. ಗಂಟೆಗೆ ಟ್ಯಾಂಕಿನ ನೀರು ನಾಲ್ಕು ಸಲ ತಿರುಗಿದ್ರೆ ಸಾಕು, ಅಂದ್ರೆ ಸುಮಾರು 5600 ಲೀಟರ್. ಆದ್ರೆ ಡಬ್ಬಿ ಮೇಲೆ ಬರೆದಿರೋ ಲೀಟರ್ ಎತ್ತರ ಏರಿಸದೇ ಇದ್ದಾಗಿನದು. ಮೂರು ಮೀಟರ್‌ವರೆಗೆ ಎತ್ತೋ ಪಂಪು ಆರಡಿ ಮೇಲೆ ತಳ್ಳುವಾಗ ಹೇಳಿದ್ದಕ್ಕಿಂತ ತುಂಬ ಕಮ್ಮಿ ಕೊಡುತ್ತೆ, ಹಾಗಾಗಿ ಎಷ್ಟು ಎತ್ತರಕ್ಕೆ ಎಷ್ಟು ನೀರು ಅಂತ ತೋರಿಸೋ ಪಂಪಿನ ಗ್ರಾಫ್ ಕೇಳಿ ನೋಡಿ ತಗೊಳ್ಳಿ. ಒಂದು ದೊಡ್ಡದರ ಬದಲು ಎರಡು ಮಧ್ಯಮ ಪಂಪ್ ಇದ್ರೆ ಒಂದು ಕೆಟ್ಟ ದಿನ ಪೇಟೆಗೆ ಹೋಗಿ ಬರೋವರೆಗೆ ಇನ್ನೊಂದು ನಡೆಸುತ್ತೆ.

ಸಂಪ್ ಒಳಗಿನ ಕ್ರಮ ಸುಲಭ. ಮೊದ್ಲು ದಪ್ಪ ಸ್ಪಾಂಜು, ಆಮೇಲೆ ತೆಳು ಫ್ಲಾಸ್ (ಹತ್ತಿ ಹಾಗಿರೋ ಸೋಸೋ ಪದರ), ಆಮೇಲೆ ಬ್ಯಾಕ್ಟೀರಿಯಾ ಮನೆ, ಕೊನೆಗೆ ಪಂಪ್. ಬ್ಯಾಕ್ಟೀರಿಯಾ ಮನೆಗೆ ಸೆರಾಮಿಕ್ ರಿಂಗೇ ಆಗ್ಬೇಕು ಅಂತಿಲ್ಲ, ಪಾತ್ರೆ ಉಜ್ಜೋ ಪ್ಲಾಸ್ಟಿಕ್ ಸ್ಕ್ರಬ್ಬರ್ (ಸೋಪ್ ಇಲ್ಲದ್ದು) ನೂರಾರು ಹಾಕಿದ್ರೂ ಚೆನ್ನಾಗಿ ನಡೆಯುತ್ತೆ. ಫ್ಲಾಸ್ ಎರಡು ಮೂರು ದಿನಕ್ಕೊಮ್ಮೆ ತೊಳೀರಿ, ಸ್ಕ್ರಬ್ಬರನ್ನ ನಲ್ಲಿ ನೀರಲ್ಲಿ ತೊಳೀಲೇಬೇಡಿ, ಟ್ಯಾಂಕಿಂದ ತೆಗೆದ ನೀರಲ್ಲೇ ಅಲುಗಾಡಿಸಿ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ರೆ ಆ ಕ್ಲೋರಿನ್ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ, ಮೀನನ್ನೂ ಕೊಲ್ಲುತ್ತೆ, ಅಂಥ ನೀರಿಗೆ ಕ್ಲೋರಿನ್ ತೆಗೆಯೋ ಸೋಡಿಯಂ ಥಯೋಸಲ್ಫೇಟ್ ಹಾಕದೇ ಟ್ಯಾಂಕಿಗೆ ಬಿಡ್ಬೇಡಿ.

ಇನ್ನು ನೀರಿನ ಗುಣ, ನಾನು ಪೆಟ್ಟು ತಿಂದಿದ್ದು ಇಲ್ಲೇ. ಒಂದು ಮಳೆಗಾಲ ಪೂರ್ತಿ ಹೆಂಚಿನ ಮಾಡಿನ ನೀರನ್ನ ಡ್ರಮ್ಮಲ್ಲಿ ಹಿಡಿದು ಅದರಲ್ಲೇ ನೀರು ಬದಲಾಯಿಸ್ತಿದ್ದೆ, ನೀರು ಗಾಜಿನ ಹಾಗೆ ತಿಳಿ. ಆಗಸ್ಟ್ ಹೊತ್ತಿಗೆ ಗೋಲ್ಡ್‌ಫಿಶ್‌ಗಳು ರೆಕ್ಕೆ ಮಡಚ್ಕೊಂಡು ತಳದಲ್ಲಿ ಕೂತವು. ಟೆಸ್ಟ್ ಮಾಡಿದ್ರೆ ಪಿಎಚ್ ಕಿಟ್ ಕಡು ಹಳದಿ, ಅಂದ್ರೆ 6ಕ್ಕೂ ಕೆಳಗೆ, ಅಮೋನಿಯಾ ಟ್ಯೂಬ್ ದಟ್ಟ ಹಸಿರು. ಹೆದರಿ ಗಡಸು ಬೋರ್‌ವೆಲ್ ನೀರು ತಂದು ಒಂದೇ ಸಲ ಅರ್ಧ ಟ್ಯಾಂಕ್ ಬದಲಾಯಿಸಿದೆ, ಬೆಳಿಗ್ಗೆ ನೋಡಿದ್ರೆ ಮೂರು ಮೀನು ಮಗ್ಗುಲಾಗಿ ತೇಲ್ತಿದ್ವು, ಕಿವಿರು ಕೆಂಪಗೆ ಸುಟ್ಟ ಹಾಗಿತ್ತು. ಅವನ್ನ ನಾಲ್ಕು ವರ್ಷ ಸಾಕಿದ್ದೆ.

ಆಗಿದ್ದು ಏನಂದ್ರೆ, ಅಮೋನಿಯಾದಲ್ಲಿರೋ ಒಂದು ಗ್ರಾಂ ನೈಟ್ರೋಜನ್ನನ್ನ ನೈಟ್ರೇಟ್ ಮಾಡೋಕೆ ಬ್ಯಾಕ್ಟೀರಿಯಾ ನೀರಿಂದ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟಿಗೆ ಸಮನಾದ ಕ್ಷಾರ ತಿನ್ನುತ್ತೆ. ಮಳೆ ನೀರಲ್ಲಿ ಆ ಕ್ಷಾರ, ಕೆಎಚ್ ಅಂತಾರೆ ಅದನ್ನ, ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಖಾಲಿಯಾದ ಮೇಲೆ ಪಿಎಚ್ ಕುಸಿದು ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸ್ತು. ಹುಳಿ ನೀರಲ್ಲಿ ಅಮೋನಿಯಾ ಅಷ್ಟು ವಿಷ ಅಲ್ಲದ ಅಮೋನಿಯಂ ರೂಪದಲ್ಲಿತ್ತು, ನಾನು ಗಡಸು ನೀರು ಸುರಿದ ಕೂಡಲೇ ಪಿಎಚ್ ಏರಿ ಅದು ವಿಷ ಅಮೋನಿಯಾ ಆಯ್ತು. ದಿನಕ್ಕೆ ಹತ್ತನೇ ಒಂದು ಭಾಗ ಅಂತ ನಿಧಾನಕ್ಕೆ ಬದಲಾಯಿಸ್ಬೇಕಿತ್ತು.

ಈಗ ಸಂಪಲ್ಲಿ ಬಲೆ ಚೀಲದಲ್ಲಿ ಮಂಗಳೂರಿಂದ ತಂದ ಮರುವಾಯಿ ಚಿಪ್ಪು (ಕಪ್ಪೆಚಿಪ್ಪು) ತುಂಬಿ ಇಟ್ಟಿದೀನಿ, ನೀರು ಹುಳಿಯಾದಷ್ಟೂ ಅದು ಕರಗಿ ಕ್ಷಾರ ಕೊಡುತ್ತೆ. 200 ಲೀಟರ್ ಡ್ರಮ್ಮಿನ ಮಳೆ ನೀರಿಗೆ 25 ಗ್ರಾಂ ಅಡುಗೆ ಸೋಡಾ ಕರಗಿಸಿದ್ರೆ ಕೆಎಚ್ ಸುಮಾರು 4 ಡಿಗ್ರಿ ಬರುತ್ತೆ, ಆಮೇಲೇ ಬಳಸೋದು. ಜೂನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಕೆಎಚ್ ಟೆಸ್ಟ್ ತಪ್ಪಿಸಲ್ಲ.

ಕರೆಂಟಿಲ್ಲದ ದಿನಕ್ಕೆ ಇಡೀ ಪಂಪ್ ಓಡಿಸೋಕೆ ಹೋಗ್ಬೇಡಿ. 15 ವ್ಯಾಟ್ ಏರ್ ಪಂಪ್ ಒಂದನ್ನ ಇನ್ವರ್ಟರ್ ಲೈನಿಗೆ ಹಾಕಿ, ಅದರ ಗಾಳಿ ಗುಳ್ಳೆ ಬಿಡೋ ಕಲ್ಲು ಒಂದು ಟ್ಯಾಂಕಲ್ಲಿ, ಒಂದು ಸಂಪಿನ ಸ್ಕ್ರಬ್ಬರ್ ಕೆಳಗೆ. 150 ಎಎಚ್ ಬ್ಯಾಟರಿ ಚೆನ್ನಾಗಿದ್ದು ಬೇರೇನೂ ಹಾಕದೇ ಇದ್ರೆ ಸುಮಾರು ಎರಡು ದಿನ ಎಳೆಯುತ್ತೆ. ಆ ದಿನಗಳಲ್ಲಿ ಮೀನಿಗೆ ತಿಂಡಿ ಹಾಕ್ಬೇಡಿ, ತಿಂಡಿ ಕಮ್ಮಿಯಾದ್ರೆ ಅಮೋನಿಯಾನೂ ಕಮ್ಮಿ, ಎರಡು ದಿನ ಉಪವಾಸ ಅವಕ್ಕೆ ಏನೂ ಮಾಡಲ್ಲ.

ಎಲ್ಲ ಜೋಡಿಸಿದ ಮೇಲೆ ಮೀನು ತರೋ ಮೊದ್ಲು ಬರೀ ನೀರಲ್ಲಿ ಓಡಿಸಿ, ಮೇನ್ ಸ್ವಿಚ್ ಆಫ್ ಮಾಡಿ ಸಂಪಿನ ಪಕ್ಕ ಕೂತು ನೀರು ಎಲ್ಲಿ ನಿಲ್ಲುತ್ತೆ ನೋಡಿ, ಅಲ್ಲಿ ಮಾರ್ಕರಲ್ಲಿ ಗೆರೆ ಹಾಕಿ, ಮತ್ತೆ ಆನ್ ಮಾಡಿ ಓಡುವಾಗಿನ ಮಟ್ಟಕ್ಕೂ ಒಂದು ಗೆರೆ. ಐದಾರು ಸಲ ಹೀಗೆ ಮಾಡಿ, ಪ್ರತಿ ಸಲವೂ ನೀರು ಅದೇ ಎರಡು ಗೆರೆಗೆ ಬಂದು ನಿಲ್ಬೇಕು. ಆಮೇಲೆ ಆರೋಗ್ಯವಾಗಿರೋ ಟ್ಯಾಂಕ್ ಇರೋ ಗೆಳೆಯರ ಹತ್ರ ಒಂದು ಹಳೇ ಸ್ಪಾಂಜು ಕೇಳಿ ತಂದು ಸಂಪಿಗೆ ಹಾಕಿ. ಬ್ಯಾಕ್ಟೀರಿಯಾ ನೆಲೆಯೂರೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ, ನಮ್ಮ ಚಳಿಗೆ ಇನ್ನೂ ಸ್ವಲ್ಪ ಜಾಸ್ತಿ, ಮೀನಿಲ್ಲದಿದ್ರೂ ದಿನಾ ಚಿಟಿಕೆ ತಿಂಡಿ ಹಾಕ್ತಾ (ಅದು ಕೊಳೆತು ಬರೋ ಅಮೋನಿಯಾನೇ ಬ್ಯಾಕ್ಟೀರಿಯಾಕ್ಕೆ ಊಟ) ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ತೋರಿಸೋವರೆಗೆ ಕಾಯಿರಿ, ಆಮೇಲೆ ಎರಡು ಮೂರು ಮೀನಿಂದ ಶುರು ಮಾಡಿ.